ಒರೆಸಿದ ಬೋರ್ಡು

"ಇದೇನಿದು, ಗಿಡ ಬೆಳೆದ ಹಾಗಿದೆಯಲ್ಲ?" ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಯಜಮಾನರು ಕೇಳಿದರು.

ಯಾರನ್ನು ಕೇಳಿದ್ದೆಂದು ಅವರು ಹೇಳಲಿಲ್ಲ. ಆದರೂ ಉತ್ತರ ಕೊಡಬೇಕಾದವಳು ತಾನೇ ಎಂದು ಇನ್‌ಚಾರ್ಜಳಿಗೆ ಗೊತ್ತಿತ್ತು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಅವಳು ಎಲೆಕ್ಟ್ರಾನಿಕ್ ಬೋರ್ಡು ಮಾಡುವ ಈ ಕಾರ್ಖಾನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಯಾವ ಬೋರ್ಡಿಗೆ ಯಾವ ಬೆಸುಗೆ, ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಯಾವುದು, ಎಷ್ಟು ಶಾಖ ಎಂದು ತೀರ್ಮಾನಿಸಿ ಕಾಗದದ ಮೇಲೆ ಸಹಿ ಹಾಕುವುದು ಅವಳ ಕೆಲಸ.

"ಗಿಡ ಅಲ್ಲ ಸರ್, ತವರ. ಐಸಿ ಚಿಪ್‌ನ ಒಂದು ಕಾಲಿನಿಂದ ಕರಗಿ ಪಕ್ಕದ ಕಾಲಿನ ಕಡೆ ಬೆಳೆದಿದೆ. ಫ್ಲಕ್ಸಿನ ಆಮ್ಲ ಒಂಚೂರು ಉಳಿದು, ಮೇಲೆ ತೇವ ಸಿಕ್ಕಿದರೆ ಹೀಗಾಗುತ್ತೆ."

ಯಜಮಾನರು ತಲೆಯೆತ್ತಿದರು. ಅವರ ಮುಂದೆ ಬಾಯಿ ತೆರೆದ ರಟ್ಟಿನ ಪೆಟ್ಟಿಗೆಯಿತ್ತು. ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ಪಕ್ಕ ನಿಂತು ಹನಿಹನಿಯಾಗಿ ಔಷಧ ಬಿಡುವ ಪಂಪಿನ ಬೋರ್ಡುಗಳು ಅವು. ಕಳಿಸಿದ ನಾನೂರರಲ್ಲಿ ಅರವತ್ತೊಂದು ಹಿಂದಕ್ಕೆ ಬಂದಿದ್ದವು. ಜೊತೆಗಿದ್ದ ಪತ್ರದಲ್ಲಿ ಗಿರಾಕಿ ಕಂಪನಿಯವರು ಹೆಚ್ಚೇನೂ ಬರೆದಿರಲಿಲ್ಲ. ಕಾರಣವಿಲ್ಲದೆ ಅಲಾರಂ ಹೊಡೆಯುತ್ತಿದೆ, ಎರಡು ಕಡೆ ನರ್ಸುಗಳು ಬೇಸತ್ತು ಅಲಾರಮ್ಮನ್ನೇ ಆರಿಸಿಟ್ಟಿದ್ದರು, ಕಾರಣ ತಿಳಿಯುವವರೆಗೆ ಮುಂದಿನ ಆರ್ಡರ್ ಇಲ್ಲ. ಅಷ್ಟೇ.

"ನಾನು ಆವತ್ತೇ ಬಡ್ಕೊಂಡೆ ಸರ್," ಎಂದಳು ಕನ್ನಡಿ ಅಕ್ಕ, ಕಿಟಕಿಯ ಪಕ್ಕದ ತನ್ನ ಮೇಜಿನಿಂದಲೇ. "ಈ ಹೊಸ ಫ್ಲಕ್ಸು ನೀರಿಗಿಂತ ಕಡೆ. ನಮ್ಮ ಹಳೇ ರಾಳದ್ದಿತ್ತಲ್ಲ, ಜೇನುತುಪ್ಪದ ಹಾಗೆ, ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಬೋರ್ಡು ಹಿಂದೆ ಬಂದಿತ್ತಾ, ನೀವೇ ಹೇಳಿ."

ಐವತ್ತು ದಾಟಿದ ಹೆಂಗಸು. ಕೈಬೆಸುಗೆಯ ಎಂಟು ಮೇಜುಗಳಲ್ಲಿ ಕೊನೆಯದು ಅವಳದು. ಪ್ರತಿ ಬೋರ್ಡೂ ಅವಳ ಕಣ್ಣಿನಡಿ ಹಾದೇ ಹೊರಗೆ ಹೋಗಬೇಕು. ಸೀಸ ಬೆರೆತ ಹಳೆಯ ತವರದ ಕಾಲದಲ್ಲಿ ಅವಳು ಹಾಕಿದ ಬೆಸುಗೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತಂತೆ. ಆ ಹೆಸರು ಅಲ್ಲಿಂದ ಬಂದದ್ದು.

ಯಜಮಾನರು ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು. "ಶುಕ್ರವಾರದೊಳಗೆ ನಾನು ಅವರಿಗೆ ಉತ್ತರ ಬರೀಬೇಕು. ನನಗೆ ಒಂದು ಹೆಸರು ಬೇಕು. ಫ್ಲಕ್ಸಿನ ಹೆಸರಾದ್ರೂ ಸರಿ, ಮನುಷ್ಯರ ಹೆಸರಾದ್ರೂ ಸರಿ. ಆ ಹೆಸರು ಈ ಕೋಣೆಯಲ್ಲಿ ಇರೋದಿಲ್ಲ ಅಂತ ಬರೆದು ಕಳಿಸ್ತೀನಿ."

ಫ್ಲಕ್ಸಿನ ಹೆಸರೆಂದರೆ ತನ್ನ ಹೆಸರೇ ಎಂದು ಇನ್‌ಚಾರ್ಜಳಿಗೆ ತಿಳಿಯಿತು. ಕಾರಣವೂ ಅವಳಿಗೆ ತಿಳಿದಿತ್ತು. ಇವತ್ತಲ್ಲ, ನಾಲ್ಕು ತಿಂಗಳಿಂದ.

"ಪರೀಕ್ಷೆ ಮಾಡೋಣ ಸರ್," ಎಂದಳು. "ಎರಡು ಬೋರ್ಡು. ಎರಡಕ್ಕೂ ಅದೇ ತವರ, ಅದೇ ಫ್ಲಕ್ಸ್. ಒಂದನ್ನು ಹಾಗೇ ಬಿಡೋಣ, ಯಾರೂ ಮುಟ್ಟೋದು ಬೇಡ. ಇನ್ನೊಂದನ್ನು ಅಕ್ಕ ಯಾವಾಗಲೂ ಒರೆಸೋ ಹಾಗೆ ಒರೆಸಲಿ. ಮೂರು ದಿನ ತೇವದ ಪೆಟ್ಟಿಗೆಯಲ್ಲಿ ಇಡೋಣ. ಯಾವುದು ಕೆಡುತ್ತೋ ನೋಡೋಣ."

"ಆಗಲಿ, ಆಗಲಿ!" ಕನ್ನಡಿ ಅಕ್ಕ ಕುರ್ಚಿಯನ್ನೇ ಹಿಂದಕ್ಕೆ ತಳ್ಳಿ ಎದ್ದಳು. "ನನ್ನ ಕೈಯಲ್ಲಿ ಒರೆಸಿಕೊಂಡದ್ದು ಕೆಟ್ಟರೆ ನಾಳೆಯಿಂದ ನಾನು ಈ ಬಾಗಿಲು ತುಳಿಯಲ್ಲ."

ಎಂಟು ಮೇಜುಗಳಲ್ಲೂ ನಗೆ ಹರಿಯಿತು. ಇನ್‌ಚಾರ್ಜಳೂ ನಕ್ಕಳು.

*

ಈ ಫ್ಲಕ್ಸನ್ನು ಅವಳು ಸುಮ್ಮನೆ ಆರಿಸಿರಲಿಲ್ಲ. ಗಿರಾಕಿ ಸೀಸ ಬೇಡವೆಂದಿದ್ದ. ಹಾಗಾಗಿ ತವರ, ಬೆಳ್ಳಿ, ತಾಮ್ರ ಸೇರಿದ ಬೆಸುಗೆ. ಅದಕ್ಕೆ ಶಾಖ ಹೆಚ್ಚು ಬೇಕು, ಹರಿಯುವುದು ನಿಧಾನ, ಆರಿದ ಮೇಲೆ ಮಂಕು ಬಣ್ಣ. ರಾಳದ ಹಳೆಯ ಫ್ಲಕ್ಸು ಆ ಶಾಖಕ್ಕೆ ಕಪ್ಪಾಗುತ್ತಿತ್ತು. ನೀರಿನಲ್ಲಿ ತೊಳೆಯುವ ಜಾತಿಯದು ಬೆಸುಗೆಯನ್ನು ಚೆನ್ನಾಗಿ ಹಿಡಿಸುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ತೊಳೆಯುವ ಯಂತ್ರವಿರಲಿಲ್ಲ, ಬೋರ್ಡಿನ ಮೇಲೆ ಅಲಾರಂ ಕೂಗುವ ಪುಟ್ಟ ಬಜರಿಗೆ ನೀರು ಆಗಿಬರುತ್ತಿರಲಿಲ್ಲ. ಐದು ಬಾಟಲಿ ತರಿಸಿ, ಮೂರು ವಾರ ಕೂತು, ಕೊನೆಗೆ ಅವಳು ಆರಿಸಿದ್ದು ತೊಳೆಯಬೇಕಿಲ್ಲದ ಫ್ಲಕ್ಸ್. ಕಾಯಿಸಿದಾಗ ಅದರ ಆಮ್ಲ ತನ್ನ ಕೆಲಸ ಮುಗಿಸಿ, ಉಳಿದದ್ದು ತೆಳುವಾದ ಅಂಟಿನ ಪದರದೊಳಗೆ ಸಿಕ್ಕಿ ಗಟ್ಟಿಯಾಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಬೆಸುಗೆಯ ಸುತ್ತ ಒಣಗಿದ ಎಂಜಲಿನಂತೆ ಕಾಣುತ್ತದೆ. ಆದರೆ ಮುಟ್ಟದೆ ಬಿಟ್ಟರೆ ಹತ್ತು ವರ್ಷವೂ ಹಾಗೇ ಇರುತ್ತದೆ.

ಮುಟ್ಟಿದರೆ ಮಾತ್ರ ಕಷ್ಟ. ಸ್ಪಿರಿಟ್ಟಿನಲ್ಲಿ ಬ್ರಶ್ ಅದ್ದಿ ಉಜ್ಜಿದರೆ ಆ ಪದರ ಅರ್ಧ ಕರಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಳಗೆ ಸಿಕ್ಕಿದ್ದ ಆಮ್ಲ ಬಿಡುಗಡೆಯಾಗಿ ಸ್ಪಿರಿಟ್ಟಿನ ಜೊತೆ ಐಸಿಯ ಅಡಿಗೆ ಹರಿದು ಅಲ್ಲಿ ಕೂರುತ್ತದೆ. ಮೇಲೆ ನೋಡಿದರೆ ಬೋರ್ಡು ತೊಳೆದಿಟ್ಟ ತಟ್ಟೆ.

ಹೊಸ ಫ್ಲಕ್ಸು ಬಂದ ಎರಡನೇ ವಾರದಲ್ಲಿ ಕನ್ನಡಿ ಅಕ್ಕ ಹೀಗೆ ಒರೆಸುತ್ತಿರುವುದನ್ನು ಇನ್‌ಚಾರ್ಜ್ ಕಂಡಳು. ಒಂದೊಂದನ್ನೂ ಮಗುವಿನ ಮುಖ ಒರೆಸಿದಂತೆ, ಮೂಲೆ ಬಿಡದೆ. ಅವಳು ಮೇಜಿನ ಹತ್ತಿರ ಹೋದಳು. ಹೇಳಬೇಕೆಂದೇ ಹೋದಳು.

ಅಕ್ಕ ತಲೆಯೆತ್ತಲಿಲ್ಲ. "ಏನು ಪುಸ್ತಕದಮ್ಮ, ಒರೆಸೋದು ಹೇಗೆ ಅಂತಲೂ ಪುಸ್ತಕದಲ್ಲಿ ಬರೆದಿದ್ದಾರಾ?"

ಸಾಲಿನುದ್ದಕ್ಕೂ ಭುಜಗಳು ಕುಲುಕಿದವು. ಸ್ಪಿರಿಟ್ ಬಾಟಲಿ ಮೇಜಿನ ಅಂಚಿನಲ್ಲಿತ್ತು. ಬೀಳದಿರಲೆಂದು ಇನ್‌ಚಾರ್ಜ್ ಅದನ್ನು ಒಳಗೆ ಸರಿಸಿಟ್ಟು, ಹೇಳಬಂದದ್ದನ್ನು ಹೇಳದೆಯೇ ತನ್ನ ಕೋಣೆಗೆ ಹೋದಳು.

ಅದಕ್ಕೂ ಮೊದಲಿನದೊಂದಿತ್ತು. ಅವಳು ಸೇರಿದ ವಾರ, ಚಹಾದ ಬಿಡುವಿನಲ್ಲಿ, ಎಲ್ಲರೆದುರು ಕನ್ನಡಿ ಅಕ್ಕ ಅವಳ ಕೈಗೆ ಬೆಸುಗೆ ಹಾಕುವ ಐರನ್ ಕೊಟ್ಟಿದ್ದಳು. "ಒಂದೇ ಒಂದು ಹಾಕಿ ಮೇಡಂ, ನಾವೂ ಕಲೀತೀವಿ." ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಎಷ್ಟೋ ಹಾಕಿದ್ದಳು. ಆವತ್ತು ಎಲ್ಲರ ಕಣ್ಣು ಮೇಲಿರುವಾಗ ತವರ ಉಂಡೆಗಟ್ಟಿ ಕೂತಿತು. ಅಕ್ಕ ಆ ಬೋರ್ಡನ್ನು ಚಿಮುಟದಲ್ಲಿ ಎತ್ತಿ ಸಾಲಿನ ಈ ತುದಿಯಿಂದ ಆ ತುದಿಗೆ ಕೈಯಿಂದ ಕೈಗೆ ಸಾಗಿಸಿದಳು. "ನೋಡ್ರೇ, ಎಂಎಸ್ಸಿ ಬೆಸುಗೆ. ಮೊಲ ಹಿಕ್ಕೆ ಹಾಕಿದ ಹಾಗಿದೆ." ಹಾಜರಿ ಪುಸ್ತಕದ ಮೇಲಿನ ಮೊಳೆಗೆ ಅದು ಒಂದು ತಿಂಗಳು ನೇತಾಡಿತು. ಬೆಳಿಗ್ಗೆ ಸಹಿ ಹಾಕುವಾಗಲೆಲ್ಲ ಅವಳ ಹಣೆಗೆ ತಾಗುವಷ್ಟು ಎತ್ತರದಲ್ಲಿ.

ಎರಡು ಬೋರ್ಡು ಕೆಡಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡಿದ್ದಳು. ಸ್ಪಿರಿಟ್ಟಿಗೆಂದು ಸ್ಟೋರಿನಿಂದ ಬಂದ ಚೀಟಿಗೆ ಸಹಿ ಹಾಕಿದಳು. ಮೊದಲು ವಾರಕ್ಕೊಂದು ಬಾಟಲಿ. ಆಮೇಲೆ ಮೂರು.

*

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಸುತ್ತ ನಿಂತರು. ಯಜಮಾನರು ಕೈಕಟ್ಟಿ ಬಾಗಿಲಿಗೆ ಒರಗಿದ್ದರು. ಎರಡೂ ಬೋರ್ಡುಗಳಿಗೆ ಕನ್ನಡಿ ಅಕ್ಕನೇ ಬೆಸುಗೆ ಹಾಕಿದಳು. ಐರನ್ನಿನ ತುದಿ ಒಂದೊಂದು ಕಾಲಿನ ಮೇಲೆ ಎರಡು ಉಸಿರಿನಷ್ಟು ಕಾಲ ನಿಂತು ಮುಂದಕ್ಕೆ ಹೋಗುತ್ತಿತ್ತು. ತವರ ತಾನಾಗಿ ಏರಿ, ಕಾಲನ್ನು ಸುತ್ತಿ, ಅಂಚಿನಲ್ಲಿ ತೆಳುವಾಗುತ್ತಿತ್ತು. ಇಂಥ ಕೈ ತಾನು ಬೇರೆಲ್ಲೂ ನೋಡಿಲ್ಲವೆಂದು ಇನ್‌ಚಾರ್ಜಳಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಅವಳ ಮನಸ್ಸು ಕರಗಲಿಲ್ಲ.

ಒಂದು ಬೋರ್ಡನ್ನು ಹಾಗೇ ತಟ್ಟೆಯಲ್ಲಿಟ್ಟರು. ಇನ್ನೊಂದನ್ನು ಅಕ್ಕ ಕೈಗೆತ್ತಿಕೊಂಡಳು. ಹೊಸ ಬ್ರಶ್ಶನ್ನು ಪೊಟ್ಟಣದಿಂದ ತೆಗೆದು, ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಸ್ಪಿರಿಟ್ ಸುರಿದುಕೊಂಡಳು. ಕೋಣೆಯಲ್ಲಿ ಆಸ್ಪತ್ರೆಯ ವಾಸನೆ ಹರಡಿತು.

"ಈ ಕಡೆ ಆಯ್ತು," ಎಂದು ಐಸಿಯತ್ತ ಬ್ರಶ್ ತೋರಿಸಿದಳು. "ಅಡಿಯಲ್ಲೂ ಸ್ವಲ್ಪ ಹರಿಸಿಬಿಡ್ಲಾ ಮೇಡಂ? ನಾಳೆ ನೀವು ಅಲ್ಲಿ ಕೊಳೆ ಇತ್ತು ಅನ್ನಬಾರದು."

"ಹರಿಸಿ ಅಕ್ಕ. ಚೆನ್ನಾಗಿ ಹರಿಸಿ."

ಬೋರ್ಡು ಬೆಳಕಿನಲ್ಲಿ ಹೊಳೆಯಿತು. ಅದರ ಪಕ್ಕದಲ್ಲಿದ್ದದ್ದು, ಯಾರೂ ಮುಟ್ಟದ್ದು, ನಿನ್ನೆಯ ಎಂಜಲು ತಟ್ಟೆಯಂತೆ ಕಾಣುತ್ತಿತ್ತು. "ಮದುವೆ ಹೆಣ್ಣು ಯಾರು, ಅಡುಗೆಯವಳು ಯಾರು, ಕುರುಡರೂ ಹೇಳ್ತಾರೆ," ಎಂದು ಯಾರೋ ಅಂದರು. ಯಜಮಾನರು ಕೂಡ ಮುಗುಳ್ನಕ್ಕರು.

ಬೋರ್ಡುಗಳನ್ನು ತೇವದ ಪೆಟ್ಟಿಗೆಗೆ ಒಯ್ಯುವಾಗ ಕನ್ನಡಿ ಅಕ್ಕ ಹಿಂದೆಯೇ ಬಂದಳು. ಪೆಟ್ಟಿಗೆ ಇದ್ದದ್ದು ಹಿಂದಿನ ಕಿರುಕೋಣೆಯಲ್ಲಿ, ಅಲ್ಲಿ ಇಬ್ಬರೇ. ಇನ್‌ಚಾರ್ಜ್ ತಂತಿಗಳನ್ನು ಸಿಕ್ಕಿಸಿ, ನಲವತ್ತು ಡಿಗ್ರಿ, ನೂರಕ್ಕೆ ತೊಂಬತ್ತು ಪಾಲು ತೇವ ಎಂದು ಗುಂಡಿ ಒತ್ತುತ್ತಿದ್ದಳು.

"ಒಂದು ಮಾತು," ಎಂದಳು ಅಕ್ಕ. ದನಿ ಮೊದಲಿನದಲ್ಲ. "ಅಲ್ಲಿ ಹತ್ತು ಜನರ ಮುಂದೆ ಏನೋ ಅಂದೆ. ನನ್ನ ಬಾಯಿ ಹಾಗೆ, ನಿಮಗೂ ಗೊತ್ತು. ನಿಮ್ಮ ಫ್ಲಕ್ಸು ಕೆಟ್ಟದ್ದಲ್ಲ. ನಾಲ್ಕು ತಿಂಗಳು ಹಾಕಿದೀನಿ, ನನ್ನ ಕೈಗೆ ಗೊತ್ತಾಗಲ್ವಾ?"

ಇನ್‌ಚಾರ್ಜ್ ಇನ್ನೊಂದು ಗುಂಡಿ ಒತ್ತಿದಳು.

"ಇದು ಬೇಡ ಬಿಡಿ. ಬಾಟಲಿ ಮಾರಿದೋರ ಮೇಲೆ ಹಾಕೋಣ. ಆ ಸಲದ ಮಾಲು ಸರಿ ಇರ್ಲಿಲ್ಲ ಅಂತ ನೀವು ಬರೀರಿ, ಹೌದು ಅಂತ ನಾನೂ ಹೇಳ್ತೀನಿ. ನೀವೂ ಉಳ್ಕೋತೀರಿ, ನಾನೂ ಉಳ್ಕೋತೀನಿ. ನಮ್ಮನೆಯೋರು ಸೊಂಟ ಮುರ್ಕೊಂಡು ಮಲಗಿ ಎರಡನೇ ವರ್ಷ ಇದು. ಮಗಳ ನರ್ಸಿಂಗು ಇನ್ನೊಂದು ವರ್ಷ ಇದೆ. ಈ ವಯಸ್ಸಲ್ಲಿ ಇನ್ಯಾರು ನನಗೆ ಐರನ್ ಕೊಡ್ತಾರೆ?"

"ಅಕ್ಕ, ನಿಮಗೆ ನಿಮ್ಮ ಕೈ ಮೇಲೆ ನಂಬಿಕೆ ಇಲ್ವಾ?"

"ಕೈ ಮೇಲೆ ಇದೆ."

"ಮತ್ತೆ ಹೆದರಿಕೆ ಯಾಕೆ? ಪರೀಕ್ಷೆ ಆಗಲಿ."

ಅಕ್ಕ ಅವಳ ಮುಖವನ್ನು, ಬೆಸುಗೆಯಲ್ಲಿ ಬಿರುಕು ಹುಡುಕುವಂತೆ, ಒಂದು ಗಳಿಗೆ ನೋಡಿದಳು. ಏನೂ ಸಿಗಲಿಲ್ಲವೆಂದು ಕಾಣುತ್ತದೆ. "ಆಗಲಿ ತಾಯಿ," ಎಂದು ಹೊರಟುಹೋದಳು. ಇನ್‌ಚಾರ್ಜ್ ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

*

ಬುಧವಾರ ಸಂಜೆ ಅವಳ ಗಂಡ ಊಟದ ಮೇಜಿನ ಮೇಲೆ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದ. ಅವಳು ನೀರಿನ ಲೋಟ ಹಿಡಿದು ಎಲ್ಲವನ್ನೂ ಹೇಳಿದಳು. ಮೊಳೆಯ ಸಂಗತಿಯೊಂದನ್ನು ಬಿಟ್ಟು.

"ಅಂದ್ರೆ ಕೆಡುತ್ತೆ ಅಂತ ಗೊತ್ತಿದ್ದೂ ಒರೆಸೋಕೆ ಬಿಟ್ಟೆ."

"ಕಲೀಲಿ ಅಂತ ಬಿಟ್ಟೆ."

"ಯಾರು, ರೋಗಿಗಳಾ?" ಅವನು ಕೆಂಪು ಪೆನ್ನನ್ನು ಕೆಳಗಿಟ್ಟ. "ಎರಡು ಮಾತು ಕಣೇ. 'ಅಕ್ಕ, ಒರೆಸಬೇಡಿ.' ಈಗಲೂ ಫೋನ್ ಮಾಡಿ ಹೇಳಬಹುದು. ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ, ನಮಗೆ ತಿಳೀಲಿಲ್ಲ ಸರ್, ಇನ್ಮೇಲೆ ಒರೆಸಲ್ಲ ಅನ್ನಿ. ಮುಗೀತು."

"ನನಗೆ ತಿಳೀಲಿಲ್ಲ ಅಂತ ನಾನು ಹೇಳಬೇಕಾ?"

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ನಾವೂ ಮೂವತ್ತು ವರ್ಷ ಟೈಪಿಂಗ್ ಮಾಡಿದ್ವಪ್ಪ. ಆಫೀಸಿನ ಜಗಳ ಮೆಷಿನ್ ಮೇಲೆ ಮುಸುಕು ಹಾಕಿದ ಹಾಗೆ ಅಲ್ಲೇ ಮುಚ್ಚಿಟ್ಟು ಬರ್ತಿದ್ವಿ. ಈಗಿನೋರು ಊಟದ ಡಬ್ಬಿಯಲ್ಲಿ ಹಾಕ್ಕೊಂಡು ತರ್ತಾರೆ."

ಅವನು ನಕ್ಕ. ಅವಳು ಲೋಟ ತೊಳೆಯಲು ಎದ್ದಳು. ತೊಳೆಯುತ್ತ, ಅಲಾರಂ ಆರಿಸಿಟ್ಟ ಆ ಎರಡು ಕಡೆಯ ಮಂಚಗಳ ಬಗ್ಗೆ ಯೋಚಿಸಲು ಪ್ರಯತ್ನಿಸಿದಳು. ಯಾವ ಮುಖವೂ ಮೂಡಲಿಲ್ಲ. ಮೂಡಿದ್ದು ಸಾಲಿನುದ್ದಕ್ಕೂ ಕುಲುಕುತ್ತಿದ್ದ ಭುಜಗಳು.

ಅವಳು ಫೋನ್ ಮಾಡಲಿಲ್ಲ.

*

ಶುಕ್ರವಾರ ಮೂರು ಗಂಟೆಗೆ ಪೆಟ್ಟಿಗೆ ತೆರೆದರು. ಬೆಚ್ಚಗಿನ ತೇವದ ಗಾಳಿ ಎಲ್ಲರ ಮುಖಕ್ಕೆ ಬಡಿಯಿತು. ಇನ್‌ಚಾರ್ಜ್ ಮೀಟರನ್ನು ಯಜಮಾನರಿಗೆ ಕಾಣುವಂತೆ ತಿರುಗಿಸಿಟ್ಟಳು.

"ಅಕ್ಕಪಕ್ಕದ ಎರಡು ಗೆರೆಗಳ ಮಧ್ಯೆ ಕರೆಂಟು ಸೋರಬಾರದು ಸರ್. ಈ ಅಂಕಿ ಎಷ್ಟು ದೊಡ್ಡದೋ ಅಷ್ಟು ಒಳ್ಳೇದು. ಕಡಿಮೆ ಅಂದ್ರೂ ನೂರು ಇರಬೇಕು."

ಮೊದಲು ಮುಟ್ಟದ ಬೋರ್ಡು. ಅಂಕಿ ಓಡಿ ಎಂಟುನೂರ ನಲವತ್ತರಲ್ಲಿ ನಿಂತಿತು. ಆಮೇಲೆ ಒರೆಸಿದ್ದು. ಅಂಕಿ ಏರಿದಂತೆ ಮಾಡಿ ಇಳಿಯಿತು, ಇಳಿಯುತ್ತಲೇ ಹೋಯಿತು, ಎರಡಕ್ಕೆ ಬಂದು ಅಲ್ಲೇ ತಡಬಡಿಸಿತು.

"ತಂತಿ ತಿರುಗಿಸಿ ಹಾಕಿ," ಎಂದಳು ಕನ್ನಡಿ ಅಕ್ಕ.

ತಿರುಗಿಸಿ ಹಾಕಿದಳು. ಎರಡು.

"ಮೈಕ್ರೋಸ್ಕೋಪಲ್ಲಿ ನೋಡೋಣ," ಎಂದರು ಯಜಮಾನರು. ಅವರು ನೋಡಿ, ಪಕ್ಕಕ್ಕೆ ಸರಿದು, ಅಕ್ಕನಿಗೆ ಜಾಗ ಬಿಟ್ಟರು. ಅಕ್ಕ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಐಸಿಯ ಕಾಲುಗಳ ಬುಡದಲ್ಲಿ, ಅವಳೇ ಸ್ಪಿರಿಟ್ ಹರಿಸಿದ ಕಡೆಯಲ್ಲಿ, ಸಣ್ಣ ಸಣ್ಣ ಕವಲುಗಳು ಕಣ್ಣು ಬಿಡುತ್ತಿದ್ದವು.

"ಹಾಗಾದ್ರೆ ಒರೆಸೋದೇ ತಪ್ಪಾ?" ಯಜಮಾನರು ಇನ್‌ಚಾರ್ಜಳ ಕಡೆ ತಿರುಗಿದರು. "ಇದು ನಿಮಗೆ ಮೊದಲೇ ಗೊತ್ತಿತ್ತಾ?"

ಉತ್ತರ ಸಿದ್ಧವಾಗಿತ್ತು. ಸಿದ್ಧವಾಗಿದೆಯೆಂದು ಆ ಕ್ಷಣದವರೆಗೆ ಅವಳಿಗೇ ಗೊತ್ತಿರಲಿಲ್ಲ.

"ಗೊತ್ತಿತ್ತು ಸರ್. ಒರೆಸಬೇಡಿ ಅಂತ ಅಕ್ಕನಿಗೆ ಹೇಳಿದ್ದೆ. ಎರಡು ಸಲ."

ಕನ್ನಡಿ ಅಕ್ಕ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದಳು. ಕಣ್ಣಿನ ಸುತ್ತ ಅದರ ರಬ್ಬರಿನ ಗುರುತು ಬಿದ್ದಿತ್ತು. "ಯಾವಾಗ?"

"ಹೊಸ ಫ್ಲಕ್ಸು ಬಂದ ಎರಡನೇ ವಾರ. ನಿಮ್ಮ ಮೇಜಿನ ಹತ್ತಿರ ಬಂದಿದ್ದೆನಲ್ಲ."

"ಬಂದಿದ್ರಿ. ಬಾಟಲಿ ಸರಿಸಿ ಹೋದ್ರಿ." ಅಕ್ಕ ಯಜಮಾನರತ್ತ ತಿರುಗಿದಳು. "ಸ್ಪಿರಿಟ್ ಚೀಟಿಗೆ ಸಹಿ ಹಾಕಿದ್ದು ಯಾರು ಅಂತ ಕೇಳಿ ಸರ್."

"ಬೆಸುಗೆಯ ಲೇಪ ಹಚ್ಚೋ ತಗಡು, ಆ ಸ್ಟೆನ್ಸಿಲ್ ಒರೆಸೋಕೆ ಅಂತ ಹಾಕಿದ್ದು. ಅದಕ್ಕೆ ದಿನಾ ಬೇಕು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀವು?" ಎಂದರು ಯಜಮಾನರು.

"ಇಪ್ಪತ್ತೆರಡು ವರ್ಷದವರ ಮೇಲೆ ನಿನ್ನೆ ಮೊನ್ನೆ ಬಂದ ನಾನು ಹೇಗೆ ಸರ್ ದೂರು ಹೇಳೋದು?" ಅವಳ ದನಿ ಸ್ವಲ್ಪ ನಡುಗಿತು. ಆ ನಡುಕ ನಿಜವಾದದ್ದೇ ಆಗಿತ್ತು.

ಯಜಮಾನರು ಸಾಲಿನ ಹೆಂಗಸರ ಕಡೆ ನೋಡಿದರು. "ಮೇಡಂ ಹೇಳಿದ್ದನ್ನ ನೀವು ಯಾರಾದ್ರೂ ಕೇಳಿಸ್ಕೊಂಡ್ರಾ?"

ಏಳು ಜನ. ಆ ದಿನ ಏಳೂ ಜನ ಅಲ್ಲೇ ಇದ್ದರು, ಏಳೂ ಜನ ನಕ್ಕಿದ್ದರು. ಅವರಲ್ಲಿ ಆರು ಜನಕ್ಕೆ ಐರನ್ ಹಿಡಿಯಲು ಕಲಿಸಿದವಳು ಕನ್ನಡಿ ಅಕ್ಕ. ಒಬ್ಬಳು ಬೆರಳಿಗಂಟಿದ ಪಟ್ಟಿ ಕೀಳತೊಡಗಿದಳು. ಇನ್ನೊಬ್ಬಳು ಇನ್‌ಚಾರ್ಜಳನ್ನು ನೋಡಿ, ತಕ್ಷಣ ನೆಲ ನೋಡಿದಳು. ಸಂಬಳ ಹೆಚ್ಚಳದ ಪಟ್ಟಿ ಬರೆಯುವವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಫ್ಯಾನು ತಿರುಗುತ್ತಿತ್ತು.

"ಸರಿ," ಎಂದರು ಯಜಮಾನರು. ಆ ಮೌನವನ್ನು ಅವರು ಹೌದು ಎಂದೇ ತೆಗೆದುಕೊಂಡರು. ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡರು. "ನೋಡಮ್ಮ, ನೀನು ನಿನ್ನ ಬಾಯಲ್ಲೇ ಹೇಳಿದ್ದೆ, ಬಾಗಿಲು ತುಳಿಯಲ್ಲ ಅಂತ. ನಾನು ಅಷ್ಟು ಕಟುಕ ಅಲ್ಲ. ನಾಳೆಯಿಂದ ಪ್ಯಾಕಿಂಗಿಗೆ ಹೋಗು. ರಟ್ಟು ಮಡಚೋದು, ಟೇಪು ಹಾಕೋದು. ಬೋರ್ಡು ಮಾತ್ರ ಮುಟ್ಟಬೇಡ. ಮುಟ್ಟಿಸಲ್ಲ ಅಂತ ಅವರಿಗೆ ಬರೆದು ಕೊಡ್ಬೇಕು ನಾನು."

ಕನ್ನಡಿ ಅಕ್ಕ ವಾದ ಮಾಡಲಿಲ್ಲ. ಮೈಯ ಕರೆಂಟು ಬೋರ್ಡಿಗೆ ತಾಗದಂತೆ ಎಡಗೈಯ ಮಣಿಕಟ್ಟಿಗೆ ಕಟ್ಟಿದ್ದ ಅರ್ತ್ ಪಟ್ಟಿಯನ್ನು ಬಿಚ್ಚಿದಳು. ಅದರಡಿಯ ಚರ್ಮ, ಬಿಸಿಲು ಕಾಣದ್ದು, ಸುತ್ತಲಿನದಕ್ಕಿಂತ ಎಷ್ಟೋ ಬೆಳ್ಳಗಿತ್ತು. ತಂತಿಯನ್ನು ಸಿಕ್ಕಾಗದಂತೆ ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಇನ್‌ಚಾರ್ಜಳ ಮುಂದೆ ಹಾದು, ತನ್ನ ಮೇಜಿನ ಡ್ರಾಯರಿನಲ್ಲಿಟ್ಟಳು. ಹೋಗುವಾಗ ಒಂದು ಮಾತು ಹೇಳಿದಳು, ಬಾಗಿಲ ಹತ್ತಿರ, ಬೈಗುಳದಂತಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವಂತೆ.

"ನಾನು ನಿಮ್ಮದನ್ನ ಮೊಳೆಗೆ ಹಾಕಿದ್ದು ಒಂದು ತಿಂಗಳು ಕಣಮ್ಮ."

*

ಉತ್ತರ ಗಿರಾಕಿಗೆ ಹಿಡಿಸಿತು. ಮುಂದಿನ ಬುಧವಾರವೇ ಆರ್ಡರ್ ಮತ್ತೆ ಬಂತು, ಈ ಸಲ ಎರಡು ಸಾವಿರ ಬೋರ್ಡು. ಮೊದಲ ಬೋರ್ಡು ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೆಸುಗೆಯ ಒಲೆಯಿಂದ ಇಳಿಯಬೇಕು, ಗಿರಾಕಿಯವರೇ ನೋಡಲು ಬರುತ್ತಾರೆ ಎಂದರು ಯಜಮಾನರು. ಯಂತ್ರ ಕೂರಿಸುವ ಸಣ್ಣ ಭಾಗಗಳಿಗೆ ಬೆಸುಗೆಯ ಲೇಪ ತಾನೇ ಹಚ್ಚುತ್ತೇನೆಂದು ಮರುದಿನ ಇನ್‌ಚಾರ್ಜ್ ಗ್ಲವುಸು ಹಾಕಿಕೊಂಡು ನಿಂತಳು. ತವರದ ಪುಡಿ ಮತ್ತು ಫ್ಲಕ್ಸನ್ನು ಕಲಸಿದ ಆ ಲೇಪ ಡಬ್ಬಿಗಳಲ್ಲಿ ಬರುತ್ತದೆ. ಅದನ್ನು ಇಡುವುದು ಫ್ರಿಜ್ಜಿನಲ್ಲಿ. ಹೊರಗೆ ತೆಗೆದು ನಾಲ್ಕು ಗಂಟೆ ಬಿಟ್ಟ ಮೇಲೆಯೇ ಮುಚ್ಚಳ ತೆಗೆಯಬೇಕು. ತಣ್ಣಗಿರುವಾಗ ತೆಗೆದರೆ ಗಾಳಿಯ ತೇವವನ್ನೆಲ್ಲ ಅದು ಕುಡಿದುಬಿಡುತ್ತದೆ, ಒಲೆಗೆ ಹೋದಾಗ ಸಿಡಿದು ಬೋರ್ಡಿನ ತುಂಬ ತವರದ ಸಾಸಿವೆ ಚೆಲ್ಲುತ್ತದೆ.

ಬೆಳಿಗ್ಗೆ ಐದೂವರೆಗೆ ಮೊದಲು ಬಂದವರು ಒಂದು ಡಬ್ಬಿ ತೆಗೆದಿಡುವುದು ಕಾರ್ಖಾನೆಯ ವಾಡಿಕೆ. ಯಾರು ಮೊದಲು ಬರುತ್ತಿದ್ದರೆಂದು ಇನ್‌ಚಾರ್ಜ್ ಎಂದೂ ಕೇಳಿರಲಿಲ್ಲ. ಕನ್ನಡಿ ಅಕ್ಕ ಈಗ ಸೇರಿದ್ದ ಪ್ಯಾಕಿಂಗಿನವರು ಬರುವುದು ಒಂಬತ್ತಕ್ಕೆ.

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಡಬ್ಬಿ ಎಂದಿನ ಜಾಗದಲ್ಲೇ ಇತ್ತು. ಹತ್ತು ನಿಮಿಷದ ಹಿಂದೆ ಸಾಲಿನ ಮೂರನೇ ಮೇಜಿನವಳು ನೆನಪಾಗಿ ಎದ್ದು ಹೋಗಿ ಅದನ್ನು ಫ್ರಿಜ್ಜಿನಿಂದ ತೆಗೆದು ಅಲ್ಲಿಟ್ಟು ಬಂದಿದ್ದಳು. ಇನ್‌ಚಾರ್ಜ್ ಅದನ್ನು ಎತ್ತಿಕೊಂಡಳು. ದಪ್ಪ ಗ್ಲವುಸಿನ ಕೈಗೆ ತಂಪು ತಿಳಿಯಲಿಲ್ಲ. ಅವಳ ಕಣ್ಣು ಸ್ಟೆನ್ಸಿಲ್ಲಿನ ಮೇಲಿತ್ತು.

ಏಳು ಐರನ್ನುಗಳು ಒಂದರ ನಂತರ ಒಂದು ತಮ್ಮ ಗೂಡಿಗೆ ಮರಳಿದವು. ಮೂರನೇ ಮೇಜಿನವಳು ಅರ್ಧ ಎದ್ದು ನಿಂತಳು. ಪಕ್ಕದವಳು ಅವಳನ್ನು ನೋಡಿದಳು, ಅಷ್ಟೇ. ಅವಳು ಮೆಲ್ಲಗೆ ಕೂತಳು.

ಕೋಣೆ ಇದ್ದಕ್ಕಿದ್ದಂತೆ ಸ್ತಬ್ಧವಾದದ್ದಕ್ಕೆ ಇನ್‌ಚಾರ್ಜ್ ತಲೆಯೆತ್ತಿದಳು. "ಏನು?"

"ಏನಿಲ್ಲ ಮೇಡಂ."

ಅವಳು ಮುಚ್ಚಳ ತಿರುಗಿಸತೊಡಗಿದಳು. ಡಬ್ಬಿಯ ಹೊರಮೈ ಬೆವರಿತ್ತು. ಒಂದು ಹನಿ ಲೇಬಲ್ಲಿನ ಅಂಚಿನಿಂದ ಬಿಡಿಸಿಕೊಂಡು, ಕೆಳಗೆ ಜಾರಿ, ಗ್ಲವುಸಿನ ಬೆರಳ ತುದಿಯಲ್ಲಿ ಒಂದು ಗಳಿಗೆ ತೂಗಿ ನಿಂತಿತು.